ಕೊಟ್ಟಿಗೆಯಲ್ಲಿ ತೂಗುತ್ತಿದ್ದ ಬೆಳ್ಳುಳ್ಳಿ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ತಾಯಿಯೊಬ್ಬರು ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಬಂದರು. ಹುಡುಗ ಕಾಲು ಊರುತ್ತಿರಲಿಲ್ಲ. ಕಾಲುಚೀಲ ಬಿಚ್ಚಿದರೆ ಅಂಗಾಲಿನಲ್ಲಿ ಎಂಟಾಣೆ ಅಗಲದ ನೀರು ತುಂಬಿದ ಬೊಬ್ಬೆ. "ಕೆಮ್ಮಿಗೆ ಅಂತ ರಾತ್ರಿ ಬೆಳ್ಳುಳ್ಳಿ ಜಜ್ಜಿ ಕಟ್ಟಿದ್ದೆ ಡಾಕ್ಟ್ರೇ. ಬೆಳ್ಳುಳ್ಳಿ ತಾನೇ, ಏನೂ ಆಗಲ್ಲ ಅಲ್ವಾ?"

ಆಗುತ್ತದೆ. ಇಡೀ ಎಸಳಿಗೆ ಅಷ್ಟೇನೂ ವಾಸನೆ ಇಲ್ಲ, ಜಜ್ಜಿದ ಕೂಡಲೇ ಘಾಟು ಏಳುತ್ತದೆ. ಎಸಳಿನೊಳಗೆ ಅಲಿಯಿನ್ ಎಂಬ ಅಂಶವೂ ಅಲಿನೇಸ್ ಎಂಬ ಕಿಣ್ವವೂ ಬೇರೆ ಬೇರೆಯಾಗಿರುತ್ತವೆ. ಜಜ್ಜಿದಾಗ ಎರಡೂ ಕೂಡಿ ಅಲಿಸಿನ್ ಹುಟ್ಟುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವುದೂ ಅದೇ, ಮಗುವಿನ ಚರ್ಮ ಸುಡುವುದೂ ಅದೇ. ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ 1944ರಲ್ಲಿ ಇದನ್ನು ಬೇರ್ಪಡಿಸಿದರು. ಕಿಣ್ವಕ್ಕೆ ಬಿಸಿ ಆಗದು. ಇಡೀ ಎಸಳನ್ನು ಕಾದ ಎಣ್ಣೆಗೆ ಹಾಕಿದರೆ ಒಗ್ಗರಣೆ ಘಮಘಮ, ಅಲಿಸಿನ್ ಮಾತ್ರ ಇಲ್ಲ. ಅದಕ್ಕೇ ಜಜ್ಜಿ ಹತ್ತು ನಿಮಿಷ ಬಿಟ್ಟು ಬಳಸಿ ಎನ್ನುವುದು.

ಹೊಸನಗರದ ಹತ್ತಿರದ ನಮ್ಮಜ್ಜಿ ಮನೆಯಲ್ಲಿ ಬೆಳ್ಳುಳ್ಳಿಗೆ ಅಡುಗೆಮನೆ ಪ್ರವೇಶ ಇರಲಿಲ್ಲ. ಕೊಟ್ಟಿಗೆಯ ತೊಲೆಗೆ ಒಂದು ಗೊಂಚಲು ತೂಗುತ್ತಿತ್ತು. ಬಾಣಂತಿಗೆ, ಹೊಟ್ಟೆ ಉಬ್ಬರಿಸಿದ ದನಕ್ಕೆ. ಇದು ನಮ್ಮೂರಿನ ಮಡಿ ಅಂದುಕೊಂಡಿದ್ದೆ. ಆಯುರ್ವೇದ ಓದುವಾಗ ಬೋವರ್ ಹಸ್ತಪ್ರತಿಯ ವಿಷಯ ತಿಳಿಯಿತು. 1890ರಲ್ಲಿ ಮಧ್ಯ ಏಷ್ಯಾದ ಕುಚಾ ಬಳಿ ಸಿಕ್ಕ ಈ ಭೂರ್ಜಪತ್ರದ ಗ್ರಂಥ ಸುಮಾರು 1,500 ವರ್ಷ ಹಳೆಯದು. ಅದರ ಮೊದಲ ಭಾಗದಲ್ಲೇ ಬೆಳ್ಳುಳ್ಳಿಯ ಮಾತು. ವಿಷ್ಣು ಅಸುರನ ತಲೆ ಕಡಿದಾಗ ಬಿದ್ದ ರಕ್ತದಿಂದ ಹುಟ್ಟಿತು, ಹಾಗಾಗಿ ಬ್ರಾಹ್ಮಣರು ತಿನ್ನುವುದಿಲ್ಲ ಎನ್ನುತ್ತದೆ. ಹಾಗಂತ ಔಷಧಿ ಬಿಡೋಕಾಗುತ್ತಾ? ಅದಕ್ಕೂ ಒಂದು ಉಪಾಯ ಇದೆ. ಹಸುವನ್ನು ಮೂರು ರಾತ್ರಿ ಹೆಚ್ಚುಕಡಿಮೆ ಹುಲ್ಲಿಲ್ಲದೆ ಇಟ್ಟು, ಆಮೇಲೆ ಹುಲ್ಲಿನ ಜೊತೆ ಬೆಳ್ಳುಳ್ಳಿ ದಂಟು ತಿನ್ನಿಸಿ, ಅದರ ಹಾಲು, ಮೊಸರು, ತುಪ್ಪ ಬಳಸಬೇಕಂತೆ! ಕೊಟ್ಟಿಗೆ ನೆನಪಾಗಿ ನಕ್ಕುಬಿಟ್ಟೆ.

ಈಜಿಪ್ಟಿನ ತುತಂಖಾಮನ್ ಸಮಾಧಿಯಲ್ಲೂ ಬೆಳ್ಳುಳ್ಳಿ ಸಿಕ್ಕಿದೆ. ಅದಿರಲಿ. ನಮ್ಮವರು ಇಟ್ಟ ಹೆಸರು ನನಗೆ ಹೆಚ್ಚು ಇಷ್ಟ: ಆರು ರಸಗಳಲ್ಲಿ ಹುಳಿಯೊಂದು ಊನ, ಆದ್ದರಿಂದ ರಸೋನ.

ಬಿಪಿ ಸ್ವಲ್ಪ ಇಳಿಸುತ್ತದೆ, ನಿಜ. ಸ್ವಲ್ಪ ಮಾತ್ರ, ಅದನ್ನು ನಂಬಿ ಮಾತ್ರೆ ಬಿಡಬೇಡಿ. ರಕ್ತ ಹೆಪ್ಪುಗಟ್ಟುವುದನ್ನೂ ನಿಧಾನ ಮಾಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಅಡಿಕೆ ಬೆಳೆಗಾರರೊಬ್ಬರು ದಿನಾ ಬೆಳಗ್ಗೆ ಐದಾರು ಹಸಿ ಎಸಳು ತಿನ್ನುತ್ತಿದ್ದರು. ಹಲ್ಲು ಕೀಳಿಸಿದ ದಿನ ಸಂಜೆವರೆಗೂ ರಕ್ತ ನಿಲ್ಲಲಿಲ್ಲ. ಅದರಲ್ಲಿ ಮಾತ್ರೆಯ ಪಾಲೂ ಇತ್ತು. ಆದರೆ ಏನೇನು ಔಷಧಿ ತಗೊಳ್ತೀರಿ ಎಂದು ಕೇಳಿದಾಗ ಬೆಳ್ಳುಳ್ಳಿಯ ಸುದ್ದಿಯನ್ನೇ ಅವರು ಎತ್ತಿರಲಿಲ್ಲ. ಸಾರು, ಚಟ್ನಿಗೆ ಹಾಕುವಷ್ಟಕ್ಕೆ ಭಯ ಬೇಡ. ಹಸಿಯಾಗಿ ಜಾಸ್ತಿ ತಿನ್ನುವವರು ಆಪರೇಷನ್‌ಗೆ ಒಂದೆರಡು ವಾರ ಮೊದಲೇ ವೈದ್ಯರಿಗೆ ತಿಳಿಸಿ, ನಿಲ್ಲಿಸಿ.

ಹುಡುಗನ ಬೊಬ್ಬೆ ಹತ್ತು ದಿನದಲ್ಲಿ ಒಣಗಿತು. ಕೆಮ್ಮು ಮಾತ್ರ ಮಳೆ ಬಿಡುವವರೆಗೂ ಬಿಡಲಿಲ್ಲ.