ಪದ ಪರಿಚಯ: ಡಾರ್ಕ್ ಸೆಕ್ಟರ್

‘ಡಾರ್ಕ್ ಸೆಕ್ಟರ್’ ಎಂಬುದನ್ನು ‘ಕಪ್ಪು ವಲಯ’ ಎಂದು ಕನ್ನಡಿಸುವುದು ನನಗೆ ಒಪ್ಪಿಗೆಯಿಲ್ಲ. ಕಪ್ಪು ವಸ್ತು ಬೆಳಕನ್ನು ಹೀರಿಕೊಳ್ಳುತ್ತದೆ. ಹಾಗಾಗಿಯೇ ಕಣ್ಣಿಗೆ ಬೀಳುತ್ತದೆ. ಇಲ್ಲಿ ಹೇಳುವ ಕಣಗಳು ಬೆಳಕನ್ನು ಹೀರುವುದೂ ಇಲ್ಲ, ಸೂಸುವುದೂ ಇಲ್ಲ. ‘ಅಗೋಚರ ವಲಯ’ ಎಂದರೆ ಅರ್ಥಕ್ಕೆ ಹತ್ತಿರ.

ವಿಶ್ವದ ದ್ರವ್ಯದಲ್ಲಿ ಸುಮಾರು 85% ಪಾಲು ಡಾರ್ಕ್ ಮ್ಯಾಟರ್. ಗುರುತ್ವದ ಸೆಳೆತವೊಂದೇ ಅದರ ಸುಳಿವು. ಅದು ಒಂಟಿ ಕಣವಾಗಿರದೆ, ತನ್ನವೇ ಕಣಗಳೂ ಬಲಗಳೂ ಇರುವ ಇಡೀ ಸಂಸಾರವಾಗಿದ್ದರೆ? ಆ ಊಹೆಯೇ ಡಾರ್ಕ್ ಸೆಕ್ಟರ್. ನಮಗೂ ಅದಕ್ಕೂ ನಡುವೆ ಸಣ್ಣ ಕಿಂಡಿಯೊಂದು ಇರಬಹುದು. ಭೌತವಿಜ್ಞಾನಿಗಳು ‘ಪೋರ್ಟಲ್’ ಎನ್ನುವುದು ಇದನ್ನೇ.

ಆ ಕಿಂಡಿಯನ್ನು ಹುಡುಕಲು, ಯಾವ ವಸ್ತುವಿಗೂ ಸುಲಭವಾಗಿ ಸಿಕ್ಕದ ನ್ಯೂಟ್ರಿನೊ ಎಂಬ ಹಗುರ ಕಣವನ್ನು ಹಿಡಿಯುವ ಪತ್ತೆಕಾರಕಗಳು ಹೇಳಿಮಾಡಿಸಿದಂತಿವೆ. ಪ್ರೋಟಾನ್ ಕಿರಣ ಗುರಿಫಲಕಕ್ಕೆ ಬಡಿದಾಗ ಪಯಾನ್ ಎಂಬ ಅಲ್ಪಾಯುಷಿ ಕಣಗಳು ರಾಶಿರಾಶಿಯಾಗಿ ಹುಟ್ಟುತ್ತವೆ. ವಿದ್ಯುದಾವೇಶವಿರುವವು ಹಾರುತ್ತ ಕ್ಷಯಿಸಿ ನ್ಯೂಟ್ರಿನೊಗಳನ್ನು ಕೊಡುತ್ತವೆ. ಆವೇಶವಿಲ್ಲದವು ಹುಟ್ಟಿದ ಕ್ಷಣದಲ್ಲೇ ಸಾಮಾನ್ಯವಾಗಿ ಎರಡು ಫೋಟಾನ್‌ಗಳಾಗುತ್ತವೆ, ಅಂದರೆ ಬೆಳಕಿನ ಕಣಗಳಾಗುತ್ತವೆ. ಕಿಂಡಿ ನಿಜವಾಗಿದ್ದರೆ, ತೀರ ಅಪರೂಪಕ್ಕೆ ಅವುಗಳಲ್ಲೊಂದರ ಬದಲು ಅಗೋಚರ ವಲಯದ ‘ಡಾರ್ಕ್ ಫೋಟಾನ್’ ಹೊರಡಬೇಕು. ಅದರಿಂದ ಹುಟ್ಟುವ ಅಗೋಚರ ಕಣಗಳು ಮಣ್ಣು, ಬಂಡೆ ಯಾವುದನ್ನೂ ಲೆಕ್ಕಿಸದೆ ಸಾಗುತ್ತವೆ. ಅಪರೂಪದ ಡಿಕ್ಕಿಗಾಗಿ ಪತ್ತೆಕಾರಕದ ನೂರಾರು ಟನ್ ದ್ರವ ಆಚೆ ತುದಿಯಲ್ಲಿ ಮೊದಲೇ ಕಾದಿದೆ.

ತೊಡಕೆಂದರೆ, ಈ ಹುಡುಕಾಟದಲ್ಲಿ ನ್ಯೂಟ್ರಿನೊಗಳೇ ಗದ್ದಲ: ಅವುಗಳ ಡಿಕ್ಕಿಯೂ ಹಾಗೆಯೇ ಕಾಣಬಹುದು. ಅಮೆರಿಕದ ಕಣಭೌತ ಪ್ರಯೋಗಾಲಯ ಫರ್ಮಿಲ್ಯಾಬ್‌ನ ಮಿನಿಬೂನ್ ತಂಡ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. 800 ಟನ್ ಖನಿಜತೈಲ ತುಂಬಿದ ಗೋಳ ಅವರ ಪತ್ತೆಕಾರಕವಾಗಿತ್ತು. 2014ರಲ್ಲಿ ಅವರು ಪ್ರೋಟಾನ್ ಕಿರಣವನ್ನು ಬೆರಿಲಿಯಂ ಗುರಿಫಲಕದ ಪಕ್ಕದಿಂದ ಹಾಯಿಸಿ, 50 ಮೀಟರ್ ಆಚೆಯ ಉಕ್ಕಿನ ರಾಶಿಗೆ ನೇರವಾಗಿ ಬಡಿಸಿದರು. ಆವೇಶವಿರುವ ಪಯಾನ್‌ಗಳಲ್ಲಿ ಹೆಚ್ಚಿನವು ಕ್ಷಯಿಸುವ ಮೊದಲೇ ಉಕ್ಕಿನಲ್ಲಿ ಸಿಕ್ಕಿಕೊಂಡವು; ನ್ಯೂಟ್ರಿನೊಗಳ ಗದ್ದಲ ತಗ್ಗಿತು. ಆವೇಶವಿಲ್ಲದ ಪಯಾನ್ ಅಷ್ಟು ಹೊತ್ತು ಬದುಕುವುದೇ ಇಲ್ಲವಾದ್ದರಿಂದ ಅದನ್ನು ಉಕ್ಕು ತಡೆಯಲಾರದು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೊಸ ಕಣ ಸಿಗಲಿಲ್ಲ. ಆದರೆ ಅದು ಎಲ್ಲೆಲ್ಲಿ ಅಡಗಿರಲಾರದು ಎಂಬುದು ಖಚಿತವಾಯಿತು. ಇದನ್ನು ಸೋಲೆಂದು ನಾನು ಒಪ್ಪುವುದಿಲ್ಲ.

ಮಿನಿಬೂನ್‌ನ ನಂತರ ಅಲ್ಲಿಗೆ ಬಂದ ಪತ್ತೆಕಾರಕಗಳು ಮೈಕ್ರೊಬೂನ್ (2021ರವರೆಗೆ ದತ್ತಾಂಶ ಕಲೆಹಾಕಿತು) ಮತ್ತು ಎಸ್‌ಬಿಎನ್‌ಡಿ; ಇವು ಬಳಸಿದ್ದು ಎಣ್ಣೆಯ ಬದಲು ದ್ರವ ಆರ್ಗಾನ್. ಕಣ ಹಾದುಹೋದ ಗೆರೆ ಮಿಲಿಮೀಟರುಗಳ ಸೂಕ್ಷ್ಮತೆಯಲ್ಲಿ ಮೂಡುತ್ತದೆ. ನ್ಯೂಟ್ರಿನೊ ಪರಮಾಣುವಿನ ಬೀಜಕ್ಕೆ ಡಿಕ್ಕಿ ಹೊಡೆದರೆ ಆ ಜಾಗದಲ್ಲಿ ಸಾಮಾನ್ಯವಾಗಿ ಒಡೆದ ಚೂರುಗಳ ಗುರುತು ಉಳಿಯುತ್ತದೆ. ಅಗೋಚರ ವಲಯದ ಕಣವೊಂದು ಹಾರುತ್ತಲೇ ಕ್ಷಯಿಸಿದರೆ ಅಂಥ ಗುರುತಿರುವುದಿಲ್ಲ: ಖಾಲಿ ಜಾಗದಿಂದ ಒಂದು ಎಲೆಕ್ಟ್ರಾನ್, ಅದರ ಧನಾವೇಶದ ಜೋಡಿಯಾದ ಒಂದು ಪಾಸಿಟ್ರಾನ್ ಕವಲೊಡೆದು ಹೊರಡುತ್ತವೆ. ಈಗ ಹುಡುಕುತ್ತಿರುವ ಗುರುತುಗಳಲ್ಲಿ ಆ ಕವಲೂ ಒಂದು.