ಒಡೆದ ಅಪೆಂಡಿಕ್ಸ್: ಇವತ್ತೇ ಆಪರೇಷನ್ನೋ, ಆರು ವಾರ ಬಿಟ್ಟೋ?

“ಒಳಗೆ ಒಡೆದಿದೆ ಅಂತೀರಿ, ಆಪರೇಷನ್ ಈಗ ಬೇಡ ಅಂತೀರಿ, ಇದೇನು ಡಾಕ್ಟ್ರೇ?” ಮನೆಯವರು ಕೇಳುವುದು ಸಹಜ. ಆದರೆ ಅದೇ ಸಿಟ್ಟಿನಲ್ಲಿ ರೋಗಿಯನ್ನು ಎಬ್ಬಿಸಿಕೊಂಡು ಇನ್ನೊಂದು ಆಸ್ಪತ್ರೆಗೆ ಹೊರಟುಬಿಡುತ್ತಾರಲ್ಲ, ಅದು ಸಂಕಟ.

ಕೀವು ಹೊಟ್ಟೆಯೆಲ್ಲ ಹರಡಿದ್ದರೆ ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ, ನಾಡಿ ಓಡುತ್ತದೆ, ಕೆಮ್ಮಿದರೂ ಜೀವ ಹೋದಂತಾಗುತ್ತದೆ. ಅಲ್ಲಿ ಕಾಯುವ ಮಾತಿಲ್ಲ. ಡ್ರಿಪ್, ಆ್ಯಂಟಿಬಯಾಟಿಕ್ ಹಾಕಿ, ಬಿಪಿ ಸರಿಮಾಡಿ ಕೆಲವೇ ಗಂಟೆಗಳಲ್ಲಿ ಆಪರೇಷನ್. ಆ ಗಂಟೆಗಳೂ ದಂಡವಲ್ಲ; ನೀರು ಬತ್ತಿದ ಮೈಗೆ ಅರಿವಳಿಕೆ ಕೊಟ್ಟರೆ ಬಿಪಿ ಕುಸಿಯುತ್ತದೆ.

ನಾಲ್ಕೈದು ದಿನ ನೋವು ತಿಂದು ಬಂದವರಲ್ಲಿ ಎಷ್ಟೋ ಸಲ ಕಥೆಯೇ ಬೇರೆ. ಅಷ್ಟರಲ್ಲಿ ಸಣ್ಣಕರುಳಿನ ಸುರುಳಿಗಳೂ ಓಮೆಂಟಮ್ ಎಂಬ ಕೊಬ್ಬಿನ ಪರದೆಯೂ ಒಡೆದ ಜಾಗಕ್ಕೆ ಅಂಟಿಕೊಂಡು ಕೀವನ್ನು ಕಟ್ಟಿಹಾಕಿರುತ್ತವೆ. ಬಲಗಡೆ ಕೆಳಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಗುತ್ತದೆ. ಎಷ್ಟು ಹೇಳಿದರೂ ಜನರ ತಲೆಗೆ ಹೋಗದಿರುವುದು ಇದೇ. ಬಾತುಕೊಂಡ ಆ ಕರುಳು ಒದ್ದೆ ಕಾಗದದ ಹಾಗೆ, ಬಿಡಿಸಲು ಹೋದರೆ ಹರಿಯುತ್ತದೆ. ಅಪೆಂಡಿಕ್ಸ್ ಯಾವುದು, ಕರುಳಿನ ಗೋಡೆ ಯಾವುದು ತಿಳಿಯುವುದಿಲ್ಲ. ಬುಡಕ್ಕೆ ಹಾಕಿದ ಹೊಲಿಗೆ ನಿಲ್ಲುವುದಿಲ್ಲ. ಬೆರಳುದ್ದದ ಅಂಗ ತೆಗೆಯಲು ಹೋಗಿ ದೊಡ್ಡಕರುಳಿನ ಬಲಭಾಗವನ್ನೇ ಕತ್ತರಿಸಬೇಕಾದೀತು.

ಅದಕ್ಕೇ ಮೊದಲು ಆ್ಯಂಟಿಬಯಾಟಿಕ್. ಕಟ್ಟಿಕೊಂಡ ಕೀವು 3-4 ಸೆಂ.ಮೀ. ದಾಟಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ನೋಡುತ್ತಾ ಸೂಜಿ ಹಾಕಿ ನಳಿಕೆ ಇಡುತ್ತೇವೆ. ಗಡ್ಡೆಯ ಅಂಚಿಗೆ ಚರ್ಮದ ಮೇಲೆ ಪೆನ್ನಿನಿಂದ ಗೆರೆ ಎಳೆದು ದಿನಾ ಮುಟ್ಟಿ ನೋಡುತ್ತೇವೆ. ಗಡ್ಡೆ ಗೆರೆಯೊಳಗೆ ಕುಗ್ಗುತ್ತಾ ಬರಬೇಕು. ಮೈ ಒರೆಸುವಾಗ ದಯವಿಟ್ಟು ಆ ಗೆರೆಯನ್ನು ಉಜ್ಜಿ ಅಳಿಸಬೇಡಿ. ಗಡ್ಡೆ ಗೆರೆ ದಾಟಿದರೆ, ನಾಡಿ ಏರುತ್ತಲೇ ಹೋದರೆ, ನೋವು ಹರಡಿದರೆ ಕಾಯುವುದು ಅಲ್ಲಿಗೆ ಮುಗಿಯಿತು. ಪಳಗಿದ ಕೈಗಳು ಲ್ಯಾಪ್ರೊಸ್ಕೋಪಿಯಲ್ಲಿ (ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್) ಮೊದಲೇ ತೆಗೆಯುವುದೂ ಉಂಟು, ಅದೂ ತಪ್ಪಲ್ಲ. ರೋಗಿಯನ್ನೂ ಸ್ಕ್ಯಾನನ್ನೂ ಕಣ್ಣಾರೆ ನೋಡಿದವರೇ ಹೇಳಬೇಕಾದ ಮಾತದು.

ಮನೆಯಲ್ಲಿರುವವರಿಗೆ ಇನ್ನೊಂದು ವಿಷಯ. ಜೋರಾಗಿದ್ದ ನೋವು ಥಟ್ಟನೆ ಇಳಿದರೆ ವಾಸಿಯಾಯಿತು ಎಂದುಕೊಳ್ಳಬೇಡಿ. ಬಿಗಿದಿದ್ದ ಅಪೆಂಡಿಕ್ಸ್ ಒಡೆದು ಒತ್ತಡ ತಗ್ಗಿದಾಗಲೂ ಹಾಗಾಗುತ್ತದೆ. ಆಮೇಲೆ ಹೊಟ್ಟೆಯೆಲ್ಲ ನೋವು.

ಗಡ್ಡೆ ಕರಗಿ ಮನೆಗೆ ಹೋದವರಿಗೆ 6ರಿಂದ 8 ವಾರ ಬಿಟ್ಟು ಬನ್ನಿ ಎನ್ನುತ್ತೇವೆ. ನೋವಿಲ್ಲವಲ್ಲ ಎಂದು ಬಹಳ ಜನ ಬರುವುದಿಲ್ಲ. ಎಲ್ಲರಿಗೂ ಆಗ ಆಪರೇಷನ್ ಬೇಕೇಬೇಕೆಂದಿಲ್ಲ. ಆದರೆ ಸ್ಕ್ಯಾನಿನಲ್ಲಿ ಅಪೆಂಡಿಕ್ಸ್ ಒಳಗೆ ಮಲದ ಹರಳು ಕಂಡಿದ್ದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ವಯಸ್ಸು 40 ದಾಟಿದ್ದರೆ ಕೊಲೊನೊಸ್ಕೋಪಿ (ದೊಡ್ಡಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ತಪ್ಪಿಸಲೇಬೇಡಿ, ಅಪೆಂಡಿಕ್ಸ್ ಗಡ್ಡೆ ಎಂದುಕೊಂಡದ್ದರ ಹಿಂದೆ ಒಮ್ಮೊಮ್ಮೆ ಕರುಳಿನ ಕ್ಯಾನ್ಸರ್ ಅಡಗಿರುತ್ತದೆ.