ಘಾಟಿಯಲ್ಲಿ ಗಾಡಿ ಎಳೆಯುತ್ತಿಲ್ಲ, ಟರ್ಬೊ ಹೋಗಿದೆಯೇ?

ಪ್ರಶ್ನೆ: ನನ್ನದು ಹಳೆಯ ಪಜೆರೊ 2.8 ಟರ್ಬೊ ಡೀಸೆಲ್. ಬಯಲು ರಸ್ತೆಯಲ್ಲಿ ತಕರಾರಿಲ್ಲ. ಚಾರ್ಮಾಡಿಯಲ್ಲಿ ಮೂರನೇ ಗೇರಿನಲ್ಲೇ ಹತ್ತುತ್ತಿದ್ದ ಗಾಡಿಗೆ ಈಗ ಎರಡನೆಯದು ಬೇಕು, ಹಿಂದೆ ಕಪ್ಪು ಹೊಗೆ ಬೇರೆ. ಟರ್ಬೊ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಹೊಗೆ ನೋಡಿ. ಕಪ್ಪು ಹೊಗೆ ಬಂದರೆ ಡೀಸೆಲ್ ಬೇಕಾದಷ್ಟು ಹೋಗುತ್ತಿದೆ, ಅದನ್ನು ಸುಡುವಷ್ಟು ಗಾಳಿ ಸಿಗುತ್ತಿಲ್ಲ ಎಂದರ್ಥ. ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವುದು ಟರ್ಬೊ ನಿಜ, ಆದರೆ ಗಾಳಿ ಅದರ ಹಿಂದೆ ಮುಂದೆಯೂ ತಪ್ಪಿಹೋಗಬಹುದು. ಎಳೆತವೂ ಇಲ್ಲ, ಹೊಗೆಯೂ ಇಲ್ಲ ಎಂದಾದರೆ ಡೀಸೆಲ್ಲೇ ಕಡಿಮೆ ಬೀಳುತ್ತಿದೆ. ಎರಡಕ್ಕೂ ಹುಡುಕುವ ಜಾಗ ಬೇರೆ. ನಿಮ್ಮ ಗಾಡಿಯಲ್ಲಿರುವುದು 2835 ಸಿಸಿಯ 4ಎಂ40 ಇಂಜಿನ್. ಡೀಸೆಲ್ ಕಳಿಸುವುದು ರೋಟರಿ ಪಂಪು, ಕಂಪ್ಯೂಟರಿನ ಗೋಜಿಲ್ಲ. ಹಾಗಾಗಿ ಹೆಚ್ಚಿನದನ್ನು ಕಣ್ಣು, ಕೈಯಲ್ಲೇ ಪತ್ತೆ ಮಾಡಬಹುದು.

ಏರ್ ಫಿಲ್ಟರಿನಿಂದ ಶುರು ಮಾಡಿ. ಎಲಿಮೆಂಟನ್ನು ಹೊರತೆಗೆದು ಒಳಗಡೆಯಿಂದ ಟಾರ್ಚ್ ಹಿಡಿಯಿರಿ. ಮಡಿಕೆಗಳ ನಡುವೆ ಬೆಳಕು ಕಾಣದಿದ್ದರೆ ಹೊಸದು ಹಾಕಿ. ಒಂದೇ ಕಡೆ ಚುಕ್ಕಿಯಂತೆ ಬೆಳಕು ತೂರಿ ಬಂದರೆ ಕಾಗದ ತೂತಾಗಿದೆ, ಅದು ಇನ್ನೂ ಅಪಾಯ: ತೋಟದ ರಸ್ತೆಯ ಕೆಂಧೂಳು ನೇರ ಟರ್ಬೊ ರೆಕ್ಕೆಗೂ ಪಿಸ್ಟನ್ ರಿಂಗಿಗೂ ಹೋಗುತ್ತದೆ. ಗಾಳಿ ಹೊಡೆಯುವುದಿದ್ದರೆ ಒಳಗಿನಿಂದ ಹೊರಕ್ಕೆ, ದೂರದಿಂದ. ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಗೇ ಕೂರುತ್ತದೆ.

ನಂತರ ಹೋಸುಗಳು. ಹಳೆಯ ಟರ್ಬೊ ಗಾಡಿಗಳಲ್ಲಿ ಬಹುಪಾಲು ಕಳ್ಳ ಸಿಕ್ಕಿಬೀಳುವುದು ಇಲ್ಲೇ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರು ವರ್ಷಗಟ್ಟಲೆ ಬಿಸಿ ಮತ್ತು ಎಣ್ಣೆಯ ಆವಿ ತಿಂದು ಮೆತ್ತಗಾಗಿರುತ್ತದೆ. ನಿಂತ ಗಾಡಿಯಲ್ಲಿ ನೋಡಿದರೆ ಏನೂ ಕಾಣದು. ಒತ್ತಡ ಏರಿದಾಗ ಮಾತ್ರ ಸೀಳು ಬಾಯಿ ಬಿಡುತ್ತದೆ. ಆದ್ದರಿಂದ ಇಂಜಿನ್ ತಣ್ಣಗಾದ ಮೇಲೆ ಕ್ಲಿಪ್ ಸಡಿಲಿಸಿ, ಹೋಸಿನ ಅಡಿಭಾಗವನ್ನು ಹೆಬ್ಬೆರಳಿನಿಂದ ಹಿಸುಕಿ. ಕ್ಲಿಪ್ಪಿನ ಅಂಚು ಕಚ್ಚಿದ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಗೀರು, ಅದರ ಸುತ್ತ ಎಣ್ಣೆಗೆ ಅಂಟಿದ ಕಪ್ಪು ಧೂಳು ಇದ್ದರೆ ಸೋರಿಕೆ ಅಲ್ಲೇ. ಟರ್ಬೊಕ್ಕಿಂತ ಮುಂಚಿನ, ಫಿಲ್ಟರ್ ಕಡೆಯ ಹೋಸಿನ ಕಾಯಿಲೆ ಬೇರೆ: ಒಳಪದರ ಬಿಟ್ಟುಕೊಂಡಿದ್ದರೆ ಎಕ್ಸಲರೇಟರ್ ಒತ್ತಿದಾಗ ಒಳಕ್ಕೆ ಎಳೆದುಕೊಂಡು ದಾರಿ ಮುಚ್ಚುತ್ತದೆ.

ಅನುಮಾನ ಉಳಿದರೆ ಟರ್ಬೊ ಬಾಯಿಗೆ ಪಿವಿಸಿ ಎಂಡ್ ಕ್ಯಾಪಿನಲ್ಲಿ ಟೈರ್ ಟ್ಯೂಬಿನ ವಾಲ್ವ್ ಕೂರಿಸಿ 7ರಿಂದ 10 ಪಿಎಸ್‌ಐ ಗಾಳಿ ತುಂಬಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ. ಇಂಜಿನ್ನಿನ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪು ಮುಚ್ಚಿರಲಿ, ಒತ್ತಡ ಅದಕ್ಕಿಂತ ಏರಿಸಬೇಡಿ. ಇಂಟರ್‌ಕೂಲರಿನ ಮೂಲೆಗಳನ್ನೂ ನೋಡಿ. ಹೆಚ್ಚಾದ ಎಕ್ಸಾಸ್ಟನ್ನು ಟರ್ಬೊ ತಪ್ಪಿಸಿ ಬಿಡುವ ಬಾಗಿಲು ವೇಸ್ಟ್‌ಗೇಟ್. ಅದರ ಕಡ್ಡಿ ತುಕ್ಕು ಹಿಡಿದು ತೆರೆದೇ ನಿಂತಿದ್ದರೆ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರುವುದೇ ಇಲ್ಲ.

ಇಷ್ಟಾದ ಮೇಲೆ ಟರ್ಬೊ. ಗಾಳಿಯ ಕಡೆಯ ಹೋಸು ಬಿಚ್ಚಿ ಚಕ್ರದ ನಡುವಿನ ನಟ್ಟನ್ನು ಬೆರಳಲ್ಲಿ ಹಿಡಿಯಿರಿ. ಪಕ್ಕಕ್ಕೆ ಕೊಂಚ ಅಲುಗಿದರೆ ಗಾಬರಿ ಬೇಡ. ಎಣ್ಣೆಯ ಪದರದ ಮೇಲೆ ತೇಲುವ ಬೇರಿಂಗ್ ಅದು, ಒಣಗಿದ್ದಾಗ ಅಷ್ಟು ಆಟ ಇರುತ್ತದೆ. ಹಿಂದೆ ಮುಂದೆ ಎಳೆದಾಗ ಆಡಿದರೆ, ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಮಾತ್ರ ಅದರ ಕಥೆ ಮುಗಿದಿದೆ. ಪೈಪಿನೊಳಗೆ ಎಣ್ಣೆಯ ತೆಳು ಜಿಡ್ಡು ಸಹಜ. ಕೊಚ್ಚೆಯಂತೆ ನಿಂತಿದ್ದು ನೀಲಿ ಹೊಗೆಯೂ ಇದ್ದರೆ, ಟರ್ಬೊದಿಂದ ಇಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿಯುವ ರಿಟರ್ನ್ ಪೈಪು ಕಟ್ಟಿಕೊಂಡಿದೆಯೇ ನೋಡಿ. ಅದನ್ನು ಬಿಡಿಸದೆ ಹೊಸ ಟರ್ಬೊ ಹಾಕಿದರೆ ಅದೂ ಎಣ್ಣೆ ಕಾರುತ್ತದೆ.

ಗಾಳಿಯ ದಾರಿ ಸರಿಯಿದ್ದೂ ಕಪ್ಪು ಹೊಗೆ ನಿಲ್ಲದಿದ್ದರೆ ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳನ್ನು ಬಿಚ್ಚಿಸಿ ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ. ಮಂಜಿನಂತೆ ಸಿಂಪಡಿಸಬೇಕು, ತೊಟ್ಟಿಕ್ಕಬಾರದು. ಮರಳಿ ಕೂರಿಸುವಾಗ ವಾಷರುಗಳು ಹೊಸವೇ ಇರಲಿ.

ಹೊಗೆಯಿಲ್ಲದೆ ಎಳೆತ ಇಳಿದವರಿಗೆ: ಡೀಸೆಲ್ ಫಿಲ್ಟರ್ ಬದಲಿಸಿ, ನೀರು ಇಳಿಸಿ, ಪಂಪಿಗೆ ಬರುವ ಲೈನಿನಲ್ಲಿ ಒಂದಡಿ ಪಾರದರ್ಶಕ ಪೈಪು ಸಿಕ್ಕಿಸಿ ಗುಳ್ಳೆ ಬರುತ್ತಿದೆಯೇ ನೋಡಿ. ಪಂಪಿನ ತಲೆಯ ಮೇಲಿನ ಡಬ್ಬಿಗೆ ಮ್ಯಾನಿಫೋಲ್ಡಿನಿಂದ ಬರುವ ಸಣ್ಣ ಹೋಸೂ ಮುಖ್ಯ. ಬೂಸ್ಟ್ ಏರಿದೆ, ಡೀಸೆಲ್ ಹೆಚ್ಚಿಸು ಎಂದು ಪಂಪಿಗೆ ಹೇಳುವುದು ಅದೇ. ಅದು ಕಳಚಿದರೆ ಟರ್ಬೊ ಇದ್ದೂ ಇಲ್ಲದಂತೆ.

ಪಂಪಿನ ಫ್ಯೂಯೆಲ್ ಸ್ಕ್ರೂ ತಿರುಗಿಸಿ ಪಿಕಪ್ ಕೊಡುತ್ತೇವೆ ಎನ್ನುವವರಿಂದ ದೂರ ಇರಿ. ಗಾಳಿ ಸೋರುತ್ತಿರುವ ಇಂಜಿನ್ನಿಗೆ ಇನ್ನಷ್ಟು ಡೀಸೆಲ್ ಸುರಿದರೆ ಎಕ್ಸಾಸ್ಟ್ ಬಿಸಿ ಏರಿ ಸಿಲಿಂಡರ್ ಹೆಡ್ಡಿಗೇ ಬಿರುಕು ಬಿಡಬಹುದು. ಆ ಸ್ಕ್ರೂವಿನ ಸೀಲು ಈಗಾಗಲೇ ಒಡೆದಿದ್ದರೆ ನಿಮ್ಮ ಹೊಗೆಗೆ ಅದೂ ಕಾರಣವಿರಬಹುದು. ಪಂಪ್ ಅಂಗಡಿಯವರಿಗೆ ಹೇಳಿ.

ಮುಳ್ಳಯ್ಯನಗಿರಿಯಂಥ ಕಡೆ ಮಾತ್ರ ತುಸು ಹೊಗೆ ಕಂಡರೆ ತಲೆಕೆಡಿಸಿಕೊಳ್ಳಬೇಡಿ. ಸುಮಾರು 1,930 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಐದರಲ್ಲಿ ಒಂದು ಪಾಲು ಕಡಿಮೆ.

ಧೂಳಿನಲ್ಲಿ ಓಡುವ ಗಾಡಿಗೆ 5,000 ಕಿ.ಮೀ.ಗೊಮ್ಮೆ ಇಂಜಿನ್ ಆಯಿಲ್ ಬದಲಿಸಿ. ಘಾಟಿ ಹತ್ತಿ ಕಾಫಿಗೆ ನಿಲ್ಲಿಸಿದಾಗ ಥಟ್ಟನೆ ಕೀ ತಿರುಗಿಸಬೇಡಿ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಇಲ್ಲದಿದ್ದರೆ ಕಾದ ಟರ್ಬೊದೊಳಗೆ ನಿಂತ ಎಣ್ಣೆ ಕರಿಕಟ್ಟಿ ಬೇರಿಂಗನ್ನು ತಿನ್ನುತ್ತದೆ.